ತೂಬು ಎತ್ತುವ ಮುನ್ನ

“ಮಾಮಾ, ಚಾರ್ಜರ್ ಹಚ್ಚೀನಿ, ಆದ್ರ ಇದು ಯಾವ ಚಾರ್ಜರೋ ನನಗ ಗೊತ್ತಿಲ್ಲ ಅಂತದ ನೋಡ್ರಿ.”

ಬೋನಾಳದ ಅಕ್ಕನ ಮನೆಯ ಪಡಸಾಲೆಯಲ್ಲಿ ಸುಸಲಾ ತಿನ್ನುತ್ತ ಕೂತಿದ್ದೆ. ಬೆಳಿಗ್ಗೆ ಕೆರೆಯ ಏರಿಯ ಮೇಲೆ ಹೋಗಿ ಪಟ್ಟೆತಲೆಯ ಹೆಬ್ಬಾತುಗಳನ್ನು ಕಣ್ತುಂಬ ನೋಡಿಕೊಂಡು ಬಂದಿದ್ದರಿಂದ ಮನಸ್ಸು ಹಗುರಾಗಿತ್ತು. ಡಿಪ್ಲೊಮಾ ಓದುವ ಅಳಿಯ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದ. ಅಂದು ಕರೆಂಟು ಆಗಲೇ ನಾಲ್ಕು ಸಲ ಹೋಗಿ ಬಂದಿತ್ತು. ನಾಲ್ಕನೇ ಸಲವಂತೂ ಬಂದಂತೆ ಮಾಡಿ, ಹೋಗಿ, ಮತ್ತೆ ಬಂದಿತ್ತು. ಪರದೆಯ ಮೇಲೆ ಒಂದು ಸಾಲು: ಹಚ್ಚಿರುವ ಚಾರ್ಜರ್ ಯಾವುದೆಂದು ತಿಳಿಯುತ್ತಿಲ್ಲ, ಬ್ಯಾಟರಿ ತುಂಬುವುದಿಲ್ಲ.

ಹುಡುಗ ನಾವೆಲ್ಲ ಮಾಡುವುದನ್ನೇ ಮಾಡಿದ. ಗೋಡೆಯ ಸ್ವಿಚ್ಚನ್ನು ಪಟಪಟ ಅಂತ ಆರಿಸಿ ಹಾಕಿದ, ಆರಿಸಿ ಹಾಕಿದ. ಮೂರು ಸಲವೂ ಅದೇ ಸಾಲು. “ತಡಿಯೋ, ಎರಡೂ ಕಡೆ ತೆಗಿ. ಗೋಡೆ ಕಡೇನೂ ತೆಗಿ, ಲ್ಯಾಪ್‌ಟಾಪ್ ಕಡೇನೂ ತೆಗಿ. ಒಂದು ಪ್ಲೇಟ್ ಸುಸಲಾ ತಿನ್ನು, ಆಮ್ಯಾಲ ಹಚ್ಚು” ಅಂದೆ. ತಿಂದು ಹಚ್ಚಿದ. ಹತ್ತಿತು. ನಾನೇನೋ ಮಂತ್ರ ಹಾಕಿದ್ದೇನೆ ಎಂಬಂತೆ ನನ್ನ ಮುಖ ನೋಡಿದ.

“ಏನ್ ಮಾಡಿದ್ರಿ ಮಾಮಾ?”

ಏನೂ ಮಾಡಿರಲಿಲ್ಲ. ಏನೂ ಮಾಡದೆ ಐದು ನಿಮಿಷ ಬಿಟ್ಟಿದ್ದೆ, ಅಷ್ಟೇ. ಇಂಥ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಪಿನ್ನಿನ ಹತ್ತಿರ ಮಡಿಚಿ ಮಡಿಚಿ ಸವೆದ ಒಳತಂತಿ. ಅದಕ್ಕೆ ಎಷ್ಟು ಸುಸಲಾ ತಿಂದರೂ ಉಪಯೋಗವಿಲ್ಲ. ಈ ಸಲ ತಂತಿ ಗಟ್ಟಿಯಾಗಿತ್ತು, ಕೆಟ್ಟಿದ್ದು ಮಾತುಕತೆ.

ಯಾರ ಜೊತೆ ಮಾತುಕತೆ? ಕೆಲವು ಲ್ಯಾಪ್‌ಟಾಪುಗಳ ದುಂಡನೆಯ ಚಾರ್ಜರ್ ಪಿನ್ನಿನ ಒಳಗೆ ಬಗ್ಗಿ ನೋಡಿ. ನಟ್ಟನಡುವೆ ಸೂಜಿಯಂಥ ಇನ್ನೊಂದು ಪಿನ್ನು ಕಾಣುತ್ತದೆ. ಶಕ್ತಿ ಹರಿಯುವುದು ಹೊರಗಿನ ಲೋಹದಲ್ಲಿ, ನಡುವಿನ ಸೂಜಿ ಇರುವುದು ಮಾತಿಗೆ. ಅದರ ಆ ತುದಿಯಲ್ಲಿ, ಚಾರ್ಜರಿನ ಒಳಗೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ನೆನಪಿನ ಚಿಪ್ ಕೂತಿರುತ್ತದೆ. “ನಾನು 65 ವ್ಯಾಟಿನವ, 19.5 ವೋಲ್ಟ್ ಕೊಡ್ತೀನಿ” ಎಂಬಂಥ ನಾಲ್ಕು ಅಕ್ಷರ ಅದರೊಳಗೆ ಬರೆದಿಟ್ಟಿರುತ್ತಾರೆ. ಲ್ಯಾಪ್‌ಟಾಪು ಅದನ್ನು ಓದಿಕೊಂಡ ಮೇಲೆಯೇ ಬ್ಯಾಟರಿಗೆ ಬಾಗಿಲು ತೆಗೆಯುತ್ತದೆ.

ಈ ಜಾತಿಯ ಚಿಪ್‌ಗಳ ಮೂಲ ಅಮೆರಿಕದ ಟೆಕ್ಸಾಸಿನ ಡಲ್ಲಾಸ್ ಸೆಮಿಕಂಡಕ್ಟರ್ ಎಂಬ ಕಂಪನಿ. 2001ರಲ್ಲಿ ಅದನ್ನು ಮ್ಯಾಕ್ಸಿಮ್ ಕೊಂಡಿತು, 2021ರಲ್ಲಿ ಮ್ಯಾಕ್ಸಿಮನ್ನು ಅನಲಾಗ್ ಡಿವೈಸಸ್ ಕೊಂಡಿತು. ಮಾಲೀಕರು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಅದರ ಹೆಸರೇ ‘ಒನ್-ವೈರ್’. ನೆಲದ ತಂತಿ ಬಿಟ್ಟರೆ ಇರುವುದು ಒಂದೇ ಒಂದು ತಂತಿ. ಅದರ ಮೇಲೆಯೇ ಮಾತು, ಅದರ ಮೇಲೆಯೇ ಊಟ.

ಇಲ್ಲಿಂದ ಮುಂದೆ ಅಳಿಯನಿಗೆ ಹೇಳಿದ ರೀತಿಯಲ್ಲೇ ಹೇಳುತ್ತೇನೆ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಊರಿನವರಿಗೆ ವಾರಬಂದಿ ಏನೆಂದು ಬೇರೆ ಹೇಳಬೇಕಿಲ್ಲ. ಇಷ್ಟು ದಿನ ನೀರು ಚಾಲೂ, ಇಷ್ಟು ದಿನ ಬಂದ್. ಜಾಣ ರೈತ ಚಾಲೂ ಇದ್ದಾಗ ಹೊಲದ ಹೊಂಡ ತುಂಬಿಸಿಕೊಳ್ಳುತ್ತಾನೆ, ಬಂದ್ ಆದಾಗ ಅದರಿಂದ ನಡೆಸುತ್ತಾನೆ. ಈ ಚಿಪ್ಪಿನದೂ ಹಾಗೇ. ತಂತಿಯಲ್ಲಿ ವೋಲ್ಟೇಜ್ ಇದ್ದಾಗ ತನ್ನೊಳಗಿನ ಚಿಕ್ಕ ಕೆಪಾಸಿಟರನ್ನು ತುಂಬಿಸಿಕೊಳ್ಳುತ್ತದೆ. ತಂತಿ ನೆಲಕ್ಕೆ ಇಳಿದಾಗ ಆ ಹೊಂಡದ ನೀರಲ್ಲಿ ಬದುಕುತ್ತದೆ. ಹೊಂಡವೆಂದರೆ ಎಷ್ಟು ದೊಡ್ಡದು? ಹೆಚ್ಚೆಂದರೆ ಸಾವಿರ ಪೈಕೋಫ್ಯಾರಡ್ ಆಸುಪಾಸು. ಫ್ಯಾನಿನ ಕೆಪಾಸಿಟರಿಗೆ ಹೋಲಿಸಿದರೆ ಬೋನಾಳ ಕೆರೆಯ ಮುಂದೆ ಒಂದು ಬೊಗಸೆ.

ಚಮತ್ಕಾರ ಇರುವುದು ಮುಂದೆ. ಕಾಲುವೆ ಬಂದ್ ಮಾಡುವುದೇ ಇಲ್ಲಿ ಸುದ್ದಿ. ಪ್ರಶ್ನೆ ಕೇಳುವವನು, ಅಂದರೆ ಲ್ಯಾಪ್‌ಟಾಪಿನ ಕಡೆಯ ಕಂಟ್ರೋಲರು, ತಂತಿಯನ್ನು ಒಂದರಿಂದ ಹದಿನೈದು ಮೈಕ್ರೋಸೆಕೆಂಡು ಇಳಿಸಿ ಬಿಟ್ಟರೆ ಅದು ಒಂದು, ಅರವತ್ತಕ್ಕೂ ಹೆಚ್ಚು ಇಳಿಸಿ ಹಿಡಿದರೆ ಅದು ಸೊನ್ನೆ. ಅನ್ನ ಬರುವ ದಾರಿಯನ್ನೇ ತಡೆತಡೆದು ಅಕ್ಷರ ಕಲಿಸಿದಂತೆ. ಮಾತು ಜಾಸ್ತಿಯಾದಷ್ಟೂ ಊಟ ಕಡಿಮೆ. ಹೀಗಾಗಿ ಈ ಚಿಪ್ಪಿನ ಜೊತೆ ಮೌನವಾಗಿರುವುದೂ ಒಂದು ಕೆಲಸ. ಅದನ್ನು ಮರೆತು ಬರೆದ ಪ್ರೋಗ್ರಾಮುಗಳು ಬೆಂಗಳೂರಿನ ಲ್ಯಾಬಿನಲ್ಲಿ ಚೆನ್ನಾಗಿ ಓಡಿ, ನಮ್ಮೂರಿನ ಕರೆಂಟಿನಲ್ಲಿ ಮುಗ್ಗರಿಸುತ್ತವೆ.

ಈಗ ರೀಸೆಟ್ ವಿಷಯ. ಆ ಪದ ಕೇಳಿದರೆ ನಮಗೆ ತಲೆಗೆ ಬರುವುದು ಕೆಟ್ಟು ನಿಂತ ಯಂತ್ರದ ಬೆನ್ನಿಗೆ ಒಂದು ಗುದ್ದು. ಒಂದೇ ತಂತಿಯ ಲೋಕದಲ್ಲಿ ಅದು ಗುದ್ದಲ್ಲ, ಹೊಸ್ತಿಲಲ್ಲಿ ನಿಂತು ಕೂಗುವ “ಯಾರರ ಅದೀರೇನ್ರಿ ಮನ್ಯಾಗ?” ಪ್ರತಿ ಮಾತುಕತೆಯೂ ಅಲ್ಲಿಂದಲೇ ಶುರು. ಕೇಳುವವನು ತಂತಿಯನ್ನು ಕನಿಷ್ಠ 480 ಮೈಕ್ರೋಸೆಕೆಂಡು ನೆಲಕ್ಕೆ ಹಿಡಿಯುತ್ತಾನೆ, ಆಮೇಲೆ ಬಿಡುತ್ತಾನೆ. ಅಷ್ಟು ಉದ್ದದ ತಡೆ ಬೇರೆ ಯಾವ ಅಕ್ಷರಕ್ಕೂ ಇಲ್ಲವಾದ್ದರಿಂದ ಚಿಪ್ಪು ಹಿಂದಿನ ಅರೆಬರೆ ಮಾತನ್ನೆಲ್ಲ ಬಿಟ್ಟು ಕಿವಿ ನೆಟ್ಟಗೆ ಮಾಡುತ್ತದೆ. 15ರಿಂದ 60 ಮೈಕ್ರೋಸೆಕೆಂಡು ಕಾಯುತ್ತದೆ. ನಂತರ ತಾನೇ ತಂತಿಯನ್ನು 60ರಿಂದ 240 ಮೈಕ್ರೋಸೆಕೆಂಡು ಕೆಳಗೆ ಎಳೆಯುತ್ತದೆ. ಇದು ಅದರ “ಓ, ಅದೀನ್ರಿ.” ಎಂಜಿನಿಯರುಗಳ ಭಾಷೆಯಲ್ಲಿ ಪ್ರೆಸೆನ್ಸ್ ಪಲ್ಸ್, ನಮ್ಮ ಭಾಷೆಯಲ್ಲಿ ಹಾಜರಿ.

480 ಮೈಕ್ರೋಸೆಕೆಂಡು ಅಂದರೆ ಅರ್ಧ ಮಿಲಿಸೆಕೆಂಡಿಗೂ ಒಂದು ಚೂರು ಕಡಿಮೆ. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ, ಒಂದು ಸುತ್ತಿಗೆ 20 ಮಿಲಿಸೆಕೆಂಡು. ಆ ಒಂದೇ ಸುತ್ತಿನೊಳಗೆ ಇಂಥ 41 ಕೂಗು ಹಿಡಿಸುತ್ತವೆ. ಟ್ಯೂಬ್‌ಲೈಟು ಒಮ್ಮೆ ಮಿಣಕ್ ಅನ್ನುವಷ್ಟರಲ್ಲಿ ಚಿಪ್ಪಿನ ಲೋಕದಲ್ಲಿ ಒಂದು ಸಂತೆಯೇ ನೆರೆದು ಮುಗಿದಿರುತ್ತದೆ.

ಕೂಗು ಚಿಕ್ಕದಾದರೆ ಕೇಳಿಸುವುದಿಲ್ಲ ಎಂಬುದು ಸರಿ. ಅತಿ ಉದ್ದವಾದರೂ ಕಷ್ಟ. ಕೂಗುವಷ್ಟು ಹೊತ್ತೂ ಕಾಲುವೆ ಬಂದ್ ಅಲ್ಲವೇ? ಚಿಪ್ಪು ತನ್ನ ಬೊಗಸೆ ನೀರಲ್ಲೇ ಇರಬೇಕು. ಡಿಎಸ್18ಬಿ20 ಎಂಬ ಇದೇ ಕುಲದ ತಾಪಮಾನದ ಚಿಪ್ಪಿನ ಕೈಪಿಡಿ ಇದನ್ನು ಬಿಚ್ಚಿ ಹೇಳುತ್ತದೆ: ತಂತಿಯಿಂದಲೇ ಶಕ್ತಿ ಪಡೆಯುವಾಗ 960 ಮೈಕ್ರೋಸೆಕೆಂಡು ಮೀರಿ ತಂತಿಯನ್ನು ಕೆಳಗೆ ಹಿಡಿದರೆ ಚಿಪ್ಪು ಪೂರ್ತಿ ಆರಿಹೋಗಿ ಹೊಸದಾಗಿ ಹುಟ್ಟಬಹುದು. 480ಕ್ಕೂ 960ಕ್ಕೂ ನಡುವಿನ ಜಾಗದಲ್ಲೇ ನಮ್ಮ ವ್ಯವಹಾರ.

ಹಾಜರಿ ಬಂತೆಂದು ತಕ್ಷಣ ನಂಬುವಂತೆಯೂ ಇಲ್ಲ. ತಂತಿ ಎಲ್ಲೋ ನೆಲಕ್ಕೆ ತಾಗಿ ಶಾರ್ಟ್ ಆಗಿದೆ ಅನ್ನಿ. ಆಗ ತಂತಿ ಯಾವಾಗಲೂ ಕೆಳಗೇ ಇರುತ್ತದೆ. ಚಿಪ್ಪು ಎಳೆದರೂ ಕೆಳಗೆ, ಎಳೆಯದಿದ್ದರೂ ಕೆಳಗೆ, ಎರಡೂ ಒಂದೇ ಥರ ಕಾಣುತ್ತದೆ. ಖಾಲಿ ಮನೆಯ ಬಾಗಿಲು ಗಾಳಿಗೆ ಕಿರುಗುಟ್ಟಿದ್ದನ್ನೇ “ಓ” ಅಂದುಕೊಂಡಂತೆ. ಹೀಗಾಗಿ ಬಲ್ಲವರು ಕೂಗುವ ಮೊದಲೇ ತಂತಿ ಮೇಲಿದೆಯೇ ಎಂದು ನೋಡುತ್ತಾರೆ, ಹಾಜರಿ ಮುಗಿದ ಮೇಲೆ ತಂತಿ ಮತ್ತೆ ಮೇಲೆ ಬಂತೇ ಎಂದೂ ನೋಡುತ್ತಾರೆ. ಇದೇ ಶಾರ್ಟ್ ಆದ ತಂತಿ ಇನ್ನೊಂದು ಮೋಸ ಮಾಡುತ್ತದೆ, ಅದರ ಮೇಲೆ ನನಗೆ ವಿಶೇಷ ಪ್ರೀತಿ. ಪ್ರತಿ ಚಿಪ್ಪಿಗೂ ಕಾರ್ಖಾನೆಯಲ್ಲೇ 64 ಬಿಟ್ಟಿನ ಗುರುತು ಕೆತ್ತಿರುತ್ತಾರೆ. ಎಂಟು ಬಿಟ್ ಕುಲದ ಹೆಸರು, 48 ಬಿಟ್ ಸ್ವಂತ ನಂಬರು, ಕೊನೆಯ ಎಂಟು ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವ ಸಿಆರ್‌ಸಿ. 48 ಬಿಟ್ಟಿನಲ್ಲಿ 281 ಲಕ್ಷ ಕೋಟಿ ನಂಬರು ಹಿಡಿಸುತ್ತವೆ, ಆದ್ದರಿಂದ ಒಬ್ಬನ ಹೆಸರು ಇನ್ನೊಬ್ಬನಿಗಿಲ್ಲ. ಆದರೆ ಶಾರ್ಟ್ ಆದ ತಂತಿಯಿಂದ ಓದಿದರೆ 64ಕ್ಕೆ 64ರೂ ಸೊನ್ನೆಯೇ ಬರುತ್ತದೆ. ಸೊನ್ನೆಗಳ ತಾಳೆಯೂ ಸೊನ್ನೆಯೇ! ಲೆಕ್ಕ ಸರಿಹೊಂದುತ್ತದೆ. ಏನೂ ಮಾರದ ಅಂಗಡಿಯವನ ಖಾತೆ ಪೈಸೆ ತಪ್ಪದೆ ಕೂಡಿಬರುವ ಹಾಗೆ. ಕುಲದ ಹೆಸರು ಸೊನ್ನೆಯಾಗಿದ್ದರೆ ಆ ಓದನ್ನು ಬಿಸಾಕಬೇಕು ಎಂಬ ಒಂದು ಸಾಲು ಹಾಕದೆ ಹುಡುಗರು ರಾತ್ರಿಯೆಲ್ಲ ತಲೆ ಕೆರೆದುಕೊಳ್ಳುವುದನ್ನು ಕಂಡಿದ್ದೇನೆ. ನಾನೂ ಕೆರೆದುಕೊಂಡಿದ್ದೇನೆ.

ಇಷ್ಟೂ ಕರೆಂಟು ನೆಟ್ಟಗಿದ್ದಾಗಿನ ಕಥೆ. ಅದು ಬರುವ ಹೊತ್ತು, ಹೋಗುವ ಹೊತ್ತಿನ ಕಥೆ ಬೇರೆ, ನಮ್ಮ ಕಡೆಯವರಿಗೆ ಅದೇ ಮುಖ್ಯ.

ಬರುವ ಹೊತ್ತಿನ ಕಥೆಯನ್ನು ಕೆರೆಯಿಂದಲೇ ಶುರುಮಾಡೋಣ. ಬೋನಾಳ ಕೆರೆ ಸುರಪುರದ ನಾಯಕರ ಕಾಲದ್ದು, ಹದಿನೇಳನೇ ಶತಮಾನದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರ ಕಾಲಕ್ಕೆ ಅದು ಇನ್ನಷ್ಟು ಬಲವಾಯಿತು. ಸುರಪುರದಲ್ಲಿ ಟೇಲರ್ ಮಂಜಿಲ್ ಕಟ್ಟಿಸಿಕೊಂಡು ಕೂತಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಹೆಸರನ್ನು ಇಲ್ಲಿಯ ಹಿರಿಯರು ಈಗಲೂ ಎತ್ತುತ್ತಾರೆ. ಕೆರೆ ಕಟ್ಟಿದವರಿಗೆ ಒಂದು ವಿಷಯ ಗೊತ್ತಿತ್ತು. ಮೊದಲ ಮಳೆಗೆ ಬಂದ ನೀರನ್ನು ನಂಬಿ ತೂಬು ಎತ್ತಿದರೆ ಕೊನೆಯ ಹೊಲಕ್ಕೆ ಕೆಸರು ಮುಟ್ಟುತ್ತದೆಯೇ ಹೊರತು ನೀರಲ್ಲ. ಚಿಪ್ಪಿನ ಬೋರ್ಡುಗಳಲ್ಲೂ ದೊಡ್ಡ ಕೆಪಾಸಿಟರು ತುಂಬಿ ವೋಲ್ಟೇಜು ಮೇಲೆ ಏರಲು ಮಿಲಿಸೆಕೆಂಡುಗಟ್ಟಲೆ ಬೇಕು. ಅವಸರದ ಕಂಟ್ರೋಲರು ಅರ್ಧ ವೋಲ್ಟೇಜಿಗೇ ಎದ್ದು ಕೂತು ಕೂಗಲು ಶುರುಮಾಡಿದರೆ, ಇನ್ನೂ ಕಣ್ಣೇ ಬಿಡದ ನೆನಪಿನ ಚಿಪ್ಪು ಏನೆಂದು ಓಗೊಡಬೇಕು? ಡಿಎಸ್2431 ಎಂಬ 1024 ಬಿಟ್ಟಿನ ಚಿಪ್ಪಿಗೆ ಕನಿಷ್ಠ 2.8 ವೋಲ್ಟ್ ಬೇಕು. ಅದಕ್ಕಿಂತ ಕೆಳಗೆ ಅದು ಹೇಳುವ ಯಾವ ಮಾತಿಗೂ ಜವಾಬ್ದಾರಿ ಇಲ್ಲ.

ಇಳಿಯುವಾಗಿನ ತೊಂದರೆ ಇದಕ್ಕಿಂತ ಕಿರಿಕಿರಿಯದು. ಚಿಪ್ಪುಗಳ ಒಳಗೆ ಒಬ್ಬ ಕಾವಲುಗಾರ ಇರುತ್ತಾನೆ. ವೋಲ್ಟೇಜು ತಳದಿಂದ ಏರಿ ಒಂದು ಗೆರೆ ದಾಟಿದಾಗ “ಹೊಸ ದಿನ ಶುರು” ಅಂತ ಎಲ್ಲವನ್ನೂ ಗುಡಿಸಿ ಒರೆಸುತ್ತಾನೆ. ವೋಲ್ಟೇಜು ತಳಕ್ಕೆ ಇಳಿಯದೆ ಅರ್ಧಕ್ಕೆ ಇಳಿದು ಮತ್ತೆ ಏರಿದರೆ? ಅವನಿಗೆ ಗೊತ್ತೇ ಆಗುವುದಿಲ್ಲ. ಒಂದೇ ಬೋರ್ಡಿನ ಮೇಲೆ ಕಂಟ್ರೋಲರು ಹೊಸ ದಿನ ಶುರುಮಾಡಿರುತ್ತದೆ, ನೆನಪಿನ ಚಿಪ್ಪು ಇನ್ನೂ ನಿನ್ನೆಯ ಮಾತಿನ ನಡುವೆಯೇ ಇರುತ್ತದೆ. ಸ್ವಿಚ್ಚನ್ನು ಪಟಪಟ ಬಡಿಯುವವರು ಮಾಡುವುದು ಇದನ್ನೇ. ದೊಡ್ಡ ಕೆಪಾಸಿಟರು ಬರಿದಾಗುವ ಮೊದಲೇ ಮತ್ತೆ ತುಂಬುತ್ತಾರೆ. ಆರಿಸಿ ಹಾಕಿದ್ದೇವೆ ಎಂಬ ಸಮಾಧಾನ ನಮಗೆ, ಚಿಪ್ಪಿನ ಮಟ್ಟಿಗೆ ಆರಿದ್ದೇ ಇಲ್ಲ.

ಅಳಿಯನ ಲ್ಯಾಪ್‌ಟಾಪಿನಲ್ಲಿ ಆದದ್ದು ನನ್ನ ಲೆಕ್ಕದಲ್ಲಿ ಇಷ್ಟು: ಕರೆಂಟು ಮುಗ್ಗರಿಸುತ್ತಿದ್ದ ಹೊತ್ತಿಗೆ ಅದು ಚಾರ್ಜರನ್ನು ಮಾತಾಡಿಸಲು ಹೋಗಿದೆ. ಗಲಾಟೆಯಲ್ಲಿ ಓದು ಕೆಟ್ಟಿದೆ. ಒಂದೆರಡು ಸಲ ಕೇಳಿ, “ಯಾರೋ ಪರದೇಶಿ” ಎಂದು ಷರಾ ಬರೆದು ಸುಮ್ಮನಾಗಿದೆ. ಹೊಸದಾಗಿ ಹಚ್ಚಿದಾಗ ಮಾತ್ರ ಅದು ಮತ್ತೆ ಕೇಳುತ್ತದೆ. ಎರಡೂ ಕಡೆ ಬಿಚ್ಚಿ, ಎಲ್ಲ ಕೆಪಾಸಿಟರುಗಳೂ ಬತ್ತುವಷ್ಟು ಹೊತ್ತು ಬಿಟ್ಟಿದ್ದಕ್ಕೆ ಎಲ್ಲರಿಗೂ ಒಟ್ಟಿಗೇ ಬೆಳಗಾಯಿತು. ಈ ತೊಂದರೆಯನ್ನು ತಯಾರಕರು ಇನ್ನೂ ನಾಲ್ಕು ಸಾಲು ಪ್ರೋಗ್ರಾಮಿನಲ್ಲೇ ತಪ್ಪಿಸಬಹುದಿತ್ತು: ವೋಲ್ಟೇಜು ನಿಂತ ಮೇಲೆ ಸ್ವಲ್ಪ ತಾಳಿ, ಕೂಗಿ, ಉತ್ತರ ಬಾರದಿದ್ದರೆ ಮತ್ತಷ್ಟು ತಾಳಿ ಕೂಗಬಹುದಿತ್ತು. ಪರದೆಯ ಮೇಲೆ ದೂರು ಬರೆಯುವುದು ಸುಲಭ ಅನ್ನಿಸಿರಬೇಕು.

ಆ ಮೊದಲ ಕೂಗು ಪೂರ್ತಿ ಉದ್ದದ್ದೇ ಆಗಿರಬೇಕು ಎನ್ನಲು ಇನ್ನೊಂದು ಕಾರಣವಿದೆ. ಈ ಕುಲದ ಹಲವು ಚಿಪ್ಪುಗಳಿಗೆ ಎರಡು ನಡಿಗೆ. ಒಂದು ಸಾದಾ, ಇನ್ನೊಂದು ಹತ್ತುಪಟ್ಟಿನ ಹತ್ತಿರ ವೇಗದ್ದು. ವೇಗದ ನಡಿಗೆಯಲ್ಲಿದ್ದಾಗ ಕಂಟ್ರೋಲರು ಮಾತ್ರ ಸತ್ತು ಹುಟ್ಟಿದರೆ ಅದು ಸಾದಾ ನಡಿಗೆಯಲ್ಲಿ ಮಾತಾಡುತ್ತದೆ, ಚಿಪ್ಪು ವೇಗದಲ್ಲಿ ಕೇಳುತ್ತದೆ. 480 ಮೈಕ್ರೋಸೆಕೆಂಡಿನ ಪೂರ್ತಿ ಕೂಗು ಬಿದ್ದರೆ ಎಂಥ ವೇಗದಲ್ಲಿದ್ದ ಚಿಪ್ಪೂ ಸಾದಾ ನಡಿಗೆಗೆ ಮರಳುತ್ತದೆ.

ಒಂದೇ ತಂತಿಯವರೆಲ್ಲ ಒಂದೇ ಮನೆಯವರಲ್ಲ. ಮೈಕ್ರೋಚಿಪ್ ಕಂಪನಿಯ 11ರ ಸರಣಿಯ ಚಿಪ್ಪುಗಳಿವೆ. ಅವಕ್ಕೆ ಶಕ್ತಿಗೆ ಬೇರೆ ಕಾಲು, ನೆಲಕ್ಕೆ ಬೇರೆ ಕಾಲು, ಮಾತಿಗೆ ಮಾತ್ರ ಒಂದೇ ಕಾಲು. ಮೂರು ಕಾಲಿನ ಕರಿ ಟ್ರಾನ್ಸಿಸ್ಟರಿನಂತೆಯೇ ಕಾಣುತ್ತವೆ, ಬಿಡಿಭಾಗದ ಡಬ್ಬಿಯಲ್ಲಿ ಬೆರೆತರೆ ಭೂತಕನ್ನಡಿ ಹಿಡಿದು ಹುಡುಕಬೇಕು. ಇವುಗಳ ಹಟ ಬೇರೆ ಥರ. ಶಕ್ತಿ ಬಂದ ಮೇಲೆ ಮಾತಿನ ತಂತಿ ಒಮ್ಮೆ ಕೆಳಗಿಂದ ಮೇಲೆ ಏರಿದ್ದನ್ನು ಕಣ್ಣಾರೆ ಕಾಣುವವರೆಗೂ ಇವು ಹಾಸಿಗೆ ಬಿಟ್ಟು ಏಳುವುದಿಲ್ಲ. ತಂತಿಯನ್ನು ಮೊದಲಿನಿಂದಲೂ ಮೇಲೆಯೇ ಹಿಡಿದಿದ್ದರೆ ಅದು ಏರಿದ್ದು ಯಾವಾಗ? ಬೇಕೆಂದೇ ಒಮ್ಮೆ ಇಳಿಸಿ ಏರಿಸಬೇಕು. ಆಮೇಲೆ 600 ಮೈಕ್ರೋಸೆಕೆಂಡು ತಂತಿಯನ್ನು ಮೇಲೆ ನಿಲ್ಲಿಸಿ ಸುಮ್ಮನಿರಬೇಕು. ಅದಾದ ಮೇಲೆ ಒಂದು-ಸೊನ್ನೆ ಬದಲಾಗುತ್ತ ಸಾಗುವ ಒಂದು ಬೈಟು ಕಳಿಸಬೇಕು, ಚಿಪ್ಪು ಅದನ್ನು ಕೇಳಿ ತಾಳ ಹಿಡಿಯುತ್ತದೆ. ಭಜನೆಗೆ ಮೊದಲು ತಬಲಾದವನು ಶ್ರುತಿ ಕೂಡಿಸಿಕೊಂಡಂತೆ. ಅಲ್ಲಿ ಕರೆಯುವುದು ತಂತಿ ಇಳಿಸಿ, ಇಲ್ಲಿ ತಂತಿ ಏರಿಸಿ. ಒಬ್ಬರ ಮನೆಯ ಪದ್ಧತಿಯನ್ನು ಇನ್ನೊಬ್ಬರ ಮನೆಯಲ್ಲಿ ನಡೆಸಲು ಹೋದರೆ ಉತ್ತರವೇ ಬರುವುದಿಲ್ಲ, ಚಿಪ್ಪು ಸುಟ್ಟಿದೆ ಎಂದು ಕಿತ್ತು ಹೊಸದು ಹಾಕುತ್ತಾರೆ, ಹೊಸದೂ ಮಾತಾಡುವುದಿಲ್ಲ.

ಬರೆಯುವಾಗಿನ ಎಚ್ಚರವನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಕರೆಂಟು ಹೋಗುವುದು ಬರೆಯುತ್ತಿರುವಾಗಲೇ. ಅಡತಿ ಅಂಗಡಿಯಲ್ಲಿ ಕಚ್ಚಾ ಚೀಟಿ, ಪಕ್ಕಾ ಖಾತೆ ಅಂತ ಎರಡಿರುತ್ತವಲ್ಲ, ಡಿಎಸ್2431 ಒಳಗೂ ಅದೇ ಏರ್ಪಾಡು. ಎಂಟು ಬೈಟಿನ ಕಚ್ಚಾ ಚೀಟಿಯಲ್ಲಿ ಮೊದಲು ಬರೆಯಬೇಕು. ಬರೆದದ್ದನ್ನು ವಾಪಸು ಓದಿ ತಾಳೆ ನೋಡಬೇಕು. ಓದುವಾಗ ಚಿಪ್ಪು ಒಂದು ಗುರುತು ಕೊಡುತ್ತದೆ, ಅದನ್ನೇ ತಿರುಗಿಸಿ ಹೇಳಿದರೆ ಮಾತ್ರ ಪಕ್ಕಾ ಖಾತೆಗೆ ಇಳಿಸುತ್ತದೆ. ಇಳಿಸಲು ಅದಕ್ಕೆ 10 ಮಿಲಿಸೆಕೆಂಡಿನವರೆಗೂ ಬೇಕು. ಅಷ್ಟು ಹೊತ್ತು ತಂತಿಯನ್ನು ಮೇಲೆಯೇ ಹಿಡಿದು ಬಾಯಿ ಮುಚ್ಚಿಕೊಂಡಿರಬೇಕು. ಬರೆಯುವ ಕೆಲಸಕ್ಕೆ ಬೊಗಸೆ ನೀರು ಸಾಲದು, ಕಾಲುವೆ ಚಾಲೂ ಇರಲೇಬೇಕು. ಆ ಹೊತ್ತಿಗೆ “ಅದೀರೇನ್ರಿ?” ಎಂದು ಕೂಗಿದವನು ತನ್ನ ಖಾತೆಗೆ ತಾನೇ ಮಸಿ ಚೆಲ್ಲಿಕೊಂಡಂತೆ.

ಈ ಕುಲದಲ್ಲಿ ಹಕ್ಕಿಗಳ ನೆಂಟನೂ ಒಬ್ಬನಿದ್ದಾನೆ, ಬೋನಾಳದಲ್ಲಿ ಕೂತು ಅವನನ್ನು ನೆನೆಯದೆ ಇರಲಾಗದು. ಐಬಟನ್ ಅಂತ. ವಾಚಿನ ಸೆಲ್ಲಿಗಿಂತ ಸ್ವಲ್ಪ ದಪ್ಪನೆಯ ಸ್ಟೀಲಿನ ಗುಂಡಿ, ಅಡ್ಡಳತೆ 17 ಮಿಲಿಮೀಟರು. ಒಳಗೆ ಬ್ಯಾಟರಿ, ಗಡಿಯಾರ, ತಾಪಮಾನದ ಅಳತೆ, 2048 ಅಳತೆಗಳನ್ನು ಇಟ್ಟುಕೊಳ್ಳುವ ನೆನಪು. ಪಕ್ಷಿತಜ್ಞರು ಇದನ್ನು ಗೂಡಿನಲ್ಲಿ ಮೊಟ್ಟೆಗಳ ಪಕ್ಕ ಹುದುಗಿಸಿ ಬರುತ್ತಾರೆ. ತಾಯಿಹಕ್ಕಿ ಎದ್ದು ಹೋದಾಗ ಗೂಡು ತಣ್ಣಗಾಗುತ್ತದೆ, ಬಂದು ಕೂತಾಗ ಬೆಚ್ಚಗಾಗುತ್ತದೆ. ಆ ಏರಿಳಿತ ನೋಡಿಯೇ ಹಕ್ಕಿ ಎಷ್ಟು ಹೊತ್ತಿಗೆ ಮೇಯಲು ಹೋಯಿತು, ಎಷ್ಟು ಹೊತ್ತಿಗೆ ಮರಳಿತು ಎಂದು ಓದುತ್ತಾರೆ, ಅದೂ ಹಕ್ಕಿಗೆ ಕಾಟ ಕೊಡದೆ. ಗುಂಡಿಯನ್ನು ಓದುವ ಯಂತ್ರಕ್ಕೆ ತಾಗಿಸಿದರೆ ಸಾಕು, ಯಾರೂ ಕೂಗದಿದ್ದರೂ ಅದೇ “ಬಂದೀನ್ರಿ” ಎಂದು ಹಾಜರಿ ಹಾಕುತ್ತದೆ. ಕೈ ನಡುಗಿ ಗುಂಡಿ ತಾಗಿ ಬಿಟ್ಟು ತಾಗಿದರೆ ಹಾಜರಿಯ ಮೇಲೆ ಹಾಜರಿ. ಆದ್ದರಿಂದ ಮೊದಲ ಹಾಜರಿಗೇ ಮಾತಿಗಿಳಿಯದೆ, ಕೈ ನಿಂತ ಮೇಲೆ ತಾನೇ ಒಮ್ಮೆ ಕೂಗಿ ಖಾತ್ರಿ ಮಾಡಿಕೊಳ್ಳುವುದು ರೂಢಿ.

ಇಷ್ಟೆಲ್ಲ ಕೇಳಿಸಿಕೊಂಡ ಅಳಿಯ ಒಳಗೆ ಹೋಗಿ ತನ್ನ ಪ್ರಾಜೆಕ್ಟು ತಂದ. ಹೇಳಿದೆನಲ್ಲ, ಡಿಎಸ್18ಬಿ20, ಅದನ್ನೇ ಉದ್ದ ತಂತಿಗೆ ಕಟ್ಟಿ ನೀರಿನ ತಾಪ ಅಳೆಯುವ ಆಟ. “ಇದಕ್ಕ ಹುಚ್ಚು ಹಿಡದದ ಮಾಮಾ. ನಮ್ಮ ಯಾದಗಿರಿ ಬಿಸಲು ಜಾಸ್ತಿ ಖರೆ, ಆದ್ರ ಕೊಡದ ನೀರು 85 ಡಿಗ್ರಿ ಇರ್ತದೇನು?”

ನನಗೆ ನಗು ತಡೆಯಲಿಲ್ಲ. ಚಿಪ್ಪಿಗೆ ಹುಚ್ಚು ಹಿಡಿದಿರಲಿಲ್ಲ. ಶಕ್ತಿ ಬಂದ ಕೂಡಲೇ ಅದರ ನೆನಪಿನಲ್ಲಿ ತಾನಾಗಿ ಕೂರುವ ಸಂಖ್ಯೆಯೇ 85. ಇನ್ನೂ ಒಮ್ಮೆಯೂ ಅಳೆದಿಲ್ಲ ಎಂದು ಅದು ಹೇಳುವ ರೀತಿ ಅದು. ಪೂರ್ತಿ ಸೂಕ್ಷ್ಮವಾಗಿ ಅಳೆಯಲು ಅದಕ್ಕೆ 750 ಮಿಲಿಸೆಕೆಂಡಿನವರೆಗೂ ಬೇಕು. ಅಷ್ಟು ತಾಳದೆ ಓದಿದರೆ 85, ಅಳೆಯುವ ನಡುವೆ ಶಕ್ತಿ ಸಾಲದೆ ಬಿದ್ದು ಎದ್ದರೂ 85. ಪುಣ್ಯಕ್ಕೆ ಅದು ಇಲ್ಲಿಯ ನೀರಿಗೆ ಬರಲಾರದ ಸಂಖ್ಯೆ, ಇಲ್ಲದಿದ್ದರೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಹುಡುಗನ ಪ್ರೋಗ್ರಾಮು ತೆಗೆದು ನೋಡಿದೆ. ಅಳೆ ಎಂದು ಹೇಳಿದ ಮರುಸಾಲಿನಲ್ಲೇ ಓದು ಎಂದು ಬರೆದಿದ್ದ. ನಡುವೆ ಒಂದು ಸಾಲು ಸೇರಿಸಿದ, 750 ಮಿಲಿಸೆಕೆಂಡು ಸುಮ್ಮನಿರುವ ಸಾಲು. ಮತ್ತೆ ಹಚ್ಚಿದ. 24.5 ಬಂತು.

ಅಷ್ಟರಲ್ಲಿ ಐದನೇ ಸಲ ಕರೆಂಟು ಹೋಯಿತು. ಎರಡೇ ನಿಮಿಷಕ್ಕೆ ಬಂತು, ಬಲ್ಬು ಎರಡು ಸಲ ಮಿಣಕ್ ಎಂದು ನಿಂತಿತು. ಹುಡುಗನ ಕೈ ಅಭ್ಯಾಸಬಲದಿಂದ ಸ್ವಿಚ್ಚಿನ ಕಡೆ ಹೋಗಿ, ಅರ್ಧಕ್ಕೆ ನಿಂತಿತು. ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಕಡೆ ತಿರುಗಿದ.

“ಅವ್ವಾ, ಸುಸಲಾ ಇನ್ನ ಸ್ವಲ್ಪ ಉಳದದೇನ?”